ಮಾಸ್ಕ್ ಹಿಂದೆ ಅಡಗಿದ್ದ ಲಕ್ವ

ಲಕ್ವ ಹೊಡೆದವರು ಎಮರ್ಜೆನ್ಸಿಗೆ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಬಾಯಿಯ ಕಡೆಗೆ. "ಎಲ್ಲಿ, ಸ್ವಲ್ಪ ಹಲ್ಲು ತೋರಿಸಿ" ಅನ್ನುತ್ತೇನೆ. ಬಾಯಿ ಸೊಟ್ಟಗಾದರೆ ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ. 2020ರಲ್ಲಿ ಆ ಬಾಯಿಗೇ ಮಾಸ್ಕ್ ಬಂತು.

ಆ ವರ್ಷದ ಒಂದು ರಾತ್ರಿ ನನಗೆ ಮರೆಯುವುದಿಲ್ಲ. 60ರ ಆಸುಪಾಸಿನವರೊಬ್ಬರನ್ನು ಆಂಬುಲೆನ್ಸ್ ತಂದು ಬಿಟ್ಟಿತ್ತು. ಚೀಟಿಯಲ್ಲಿ ಇದ್ದದ್ದು ಇಷ್ಟೇ: ಜ್ವರ, ಗೊಂದಲ. ಕೋವಿಡ್ ಇರಬಹುದು ಅಂತ ಅವರನ್ನು ಬೇರೆ ಕೋಣೆಯಲ್ಲಿ ಮಲಗಿಸಿದ್ದರು. ಏನು ಕೇಳಿದರೂ ಸಂಬಂಧವಿಲ್ಲದ ಮಾತು. ಜ್ವರದ ಮಂಪರು ಅಂದುಕೊಂಡೆವು. ಆಕ್ಸಿಜನ್ ಕೊಡಲು ನರ್ಸ್ ಮಾಸ್ಕ್ ಇಳಿಸಿದಾಗ ಬಾಯಿಯ ಬಲ ತುದಿ ಜೋತುಬಿದ್ದಿದ್ದು ಕಂಡಿತು. ಬಲಗೈ ಎತ್ತಿ ಹಿಡಿದರೆ ನಿಧಾನಕ್ಕೆ ಕೆಳಗಿಳಿಯಿತು. ಅದು ಗೊಂದಲ ಆಗಿರಲಿಲ್ಲ. ಮಿದುಳಿನ ಎಡಭಾಗದಲ್ಲಿ, ಮಾತನ್ನು ನೋಡಿಕೊಳ್ಳುವ ಜಾಗಕ್ಕೆ ರಕ್ತ ಹೋಗುವುದು ನಿಂತಿತ್ತು.

ಮುಂದಿನ ಪ್ರಶ್ನೆ ಒಂದೇ. ಕೊನೆಯದಾಗಿ ಎಷ್ಟು ಗಂಟೆಗೆ ಸರಿಯಿದ್ದರು? ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ. ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ಒಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಉತ್ತರ ಹೇಳಬೇಕಾದ ಮನೆಯವರನ್ನು ಒಳಗೆ ಬಿಡುವಂತಿರಲಿಲ್ಲ. ರೋಗಿಗೆ ಮಾತಿಲ್ಲ, ನೋಡಿದವರು ಹತ್ತಿರವಿಲ್ಲ. ನರರೋಗ ವೈದ್ಯರಿಗೆ ಅರ್ಧ ಕಣ್ಣು ಕಟ್ಟಿದ ಹಾಗೆ, ಅಲ್ವಾ?

ಹೇಗೋ ಮಗಳ ನಂಬರ್ ಸಿಕ್ಕಿತು. "ಒಂಬತ್ತೂಕಾಲಿಗೆ ನಾನೇ ಮಾತ್ರೆ ಕೊಟ್ಟೆ ಡಾಕ್ಟ್ರೇ, ಆಗ ಚೆನ್ನಾಗೇ ಮಾತಾಡಿದ್ರು. ಆಮೇಲೆ ಲೋಟ ಕೈಯಿಂದ ಜಾರಿತು" ಅಂದರು. ರಕ್ತ ತೆಳುವಾಗಿಸುವ ಮಾತ್ರೆಯೇನಾದರೂ ಇದೆಯಾ ಎಂದು ಕೇಳಿದೆ. ಇಲ್ಲ ಅಂದರು. ಆಗ ಗಂಟೆ ಹನ್ನೊಂದು ದಾಟಿತ್ತು. ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇರಲಿಲ್ಲ. ಇಂಜೆಕ್ಷನ್ ಕೊಟ್ಟೆವು.

ಅದಾದ ಮೇಲೆ ನಮ್ಮ ಪದ್ಧತಿ ಬದಲಾಯಿತು. ಕೋವಿಡ್ ರಿಪೋರ್ಟ್ ಬರಲಿ ಅಂತ ಸುಮ್ನೆ ಕಾಯುವುದನ್ನು ಬಿಟ್ಟೆವು. ಲಕ್ವದ ಅನುಮಾನ ಇರುವ ಎಲ್ಲರಿಗೂ ಸೋಂಕು ಇದೆ ಎಂದೇ ಇಟ್ಟುಕೊಂಡು, ಪಿಪಿಇ ತೊಟ್ಟು ಶುರು ಮಾಡುತ್ತಿದ್ದೆವು. ಒಳಗೆ ಇಬ್ಬರೇ. ನಾನು ಎಷ್ಟೋ ಸಲ ಹೊರಗಿನಿಂದ ವಿಡಿಯೋದಲ್ಲಿ ಕೈಕಾಲಿನ ಬಲ, ಕಣ್ಣಿನ ಚಲನೆ, ಮಾತು ನೋಡಿ, ಲಕ್ವ ಎಷ್ಟು ಜೋರಾಗಿದೆ ಅಂತ ಅಂಕ ಹಾಕುತ್ತಿದ್ದೆ. ವಿಡಿಯೋದಲ್ಲಿ ಈ ಪರೀಕ್ಷೆ ಚೆನ್ನಾಗೇ ಆಗುತ್ತದೆ. ದೂರದ ಆಸ್ಪತ್ರೆಗಳಿಗಾಗಿ ಕೋವಿಡ್‌ಗೂ ಮೊದಲೇ ಬಳಕೆಯಲ್ಲಿತ್ತು. ತಲೆಯ ಸ್ಕ್ಯಾನ್‌ಗೆ ಹೋದಾಗ ಅಗತ್ಯವಿದ್ದರೆ ಕೋವಿಡ್ ನೋಡಲು ಎದೆಯದ್ದನ್ನೂ ಒಟ್ಟಿಗೇ ಮುಗಿಸುತ್ತಿದ್ದೆವು.

ವೈರಸ್ಸೂ ನಮ್ಮ ಕೆಲಸ ಜಾಸ್ತಿ ಮಾಡಿತು. ವಯಸ್ಸಾದ ಕೆಲವರಲ್ಲಿ ಕೆಮ್ಮಿಲ್ಲದೆ ಬರೀ ಗೊಂದಲವೇ ಕೋವಿಡ್‌ನ ಮೊದಲ ಲಕ್ಷಣ ಆಗಿರುತ್ತಿತ್ತು. ಹಾಗಾಗಿ ಗೊಂದಲ ಅಂದಾಗ ಎರಡೂ ಕಡೆ ತಪ್ಪುವ ಭಯ. 2020ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ವೈದ್ಯರು, ಕೋವಿಡ್ ಇದ್ದು ದೊಡ್ಡ ರಕ್ತನಾಳ ಕಟ್ಟಿಕೊಂಡ ಐವರ ಬಗ್ಗೆ ವರದಿ ಮಾಡಿದರು. ಎಲ್ಲರೂ 50ರೊಳಗಿನವರು. ಅವರಲ್ಲಿ ಇಬ್ಬರು ಆಸ್ಪತ್ರೆಗೆ ಹೋಗಲು ಹೆದರಿ ಆಂಬುಲೆನ್ಸ್ ಕರೆಯುವುದನ್ನು ತಡ ಮಾಡಿದ್ದರು. ಅದನ್ನು ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ನಮ್ಮಲ್ಲೂ ಹಾಗೆ ಮನೆಯಲ್ಲೇ ಕಾದು, ಮರುದಿನ ಬಂದವರಿದ್ದರು.

ಈಗ ನಮ್ಮ ಎಮರ್ಜೆನ್ಸಿಯ ಚೀಟಿಯಲ್ಲಿ ಹೆಸರಿನ ಕೆಳಗೇ ಎರಡು ಗೆರೆ ಬಿಟ್ಟಿದ್ದೇವೆ. ಒಂದು, ಕೊನೆಯದಾಗಿ ಸರಿಯಿದ್ದ ಗಂಟೆ. ಇನ್ನೊಂದು, ಅದನ್ನು ಕಣ್ಣಾರೆ ನೋಡಿದವರ ಫೋನ್ ನಂಬರ್.