ಕುಡಿತ ನಿಲ್ಲಿಸಿದ ಮೂರನೇ ರಾತ್ರಿ: ನರ್ಸಿಂಗ್ ಗೆಳೆಯರಿಗೆ ಒಂದು ಟಿಪ್ಪಣಿ

ಆರ್ಥೋ ವಾರ್ಡಿನಲ್ಲಿ ನನ್ನ ಪೋಸ್ಟಿಂಗ್ ಇತ್ತು. ಕಾಲು ಮುರಿದು ಸೇರಿದ್ದ ಲಾರಿ ಡ್ರೈವರ್ ಒಬ್ಬರು ಎರಡು ದಿನ ಸುಮ್ನೆ ಮಲಗಿದ್ದರು. ಮೂರನೇ ರಾತ್ರಿ ಎದ್ದು ಕೂತು, ಗಾಳಿಯಲ್ಲೇ ಸ್ಟೇರಿಂಗ್ ತಿರುಗಿಸೋಕೆ ಶುರು ಮಾಡಿದರು. "ಘಾಟಿ ಬಂತು, ಕ್ಲೀನರ್ ಎಲ್ಲಿ?" ಅಂತ ಕೂಗಾಟ. ಮೈಯೆಲ್ಲಾ ಬೆವರು, ಕೈ ನಡುಕ, ನಾಡಿ 130. ಪಕ್ಕದ ಬೆಡ್‌ನವರು ಗಾಳಿ ಸೋಕಿದೆ ಅಂದರು. ಕೇಸ್ ಶೀಟಿನಲ್ಲಿ ಮದ್ಯಪಾನದ ಮುಂದೆ 'ಅಪರೂಪಕ್ಕೆ' ಅಂತಿತ್ತು. ಹಾಗೆ ಬರೆದವಳು ನಾನೇ.

ಇದು ಡೆಲಿರಿಯಂ ಟ್ರೆಮೆನ್ಸ್, ಅಂದರೆ ನಡುಕದ ಜೊತೆ ಬರುವ ಮತಿಭ್ರಮಣೆ. ಕುಡಿದಿದ್ದಕ್ಕೆ ಬಂದದ್ದಲ್ಲ, ಕುಡಿತ ತಟ್ಟನೆ ನಿಂತಿದ್ದಕ್ಕೆ ಬಂದದ್ದು. ಪರೀಕ್ಷೆಯಲ್ಲಿ ನಾವು ಎಡವುವುದೂ ಇಲ್ಲೇ.

ಮಿದುಳಿನಲ್ಲಿ ಗಾಬಾ ಅನ್ನೋ ರಾಸಾಯನಿಕ ಬ್ರೇಕ್, ಗ್ಲುಟಮೇಟ್ ಅನ್ನೋದು ಆಕ್ಸಿಲರೇಟರ್. ಮದ್ಯ ಬ್ರೇಕ್ ಒತ್ತುತ್ತದೆ. ವರ್ಷಗಟ್ಟಲೆ ಹೀಗೇ ಆದರೆ, ಅದಕ್ಕೆ ಸರಿತೂಗಿಸಲು ಮಿದುಳು ಆಕ್ಸಿಲರೇಟರ್ ಜಾಸ್ತಿ ಮಾಡಿಕೊಳ್ಳುತ್ತದೆ. ಒಂದು ದಿನ ಮದ್ಯ ಸಿಗಲಿಲ್ಲ ಅಂದ್ರೆ ಬ್ರೇಕ್ ಹೋಯಿತು, ಆಕ್ಸಿಲರೇಟರ್ ಹಾಗೇ ಉಳಿಯಿತು.

ಕೊನೆಯ ಸಲ ಕುಡಿದು ಸುಮಾರು 6 ಗಂಟೆ ಕಳೆದ ಮೇಲೆ ನಡುಕ, ಬೆವರು, ವಾಕರಿಕೆ ಶುರು. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಡೆಲಿರಿಯಂ ಕಾಣಿಸುವುದು ಸಾಮಾನ್ಯವಾಗಿ 48ರಿಂದ 96 ಗಂಟೆಯ ನಡುವೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಮಿದುಳನ್ನು ಶಾಂತ ಮಾಡುವ ಲೊರಾಜೆಪಾಮ್ ತರಹದ ಔಷಧ ಕೊಟ್ಟು, ದಿನ ಕಳೆದಂತೆ ಅದರ ಪ್ರಮಾಣ ಇಳಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1. ಇದು ಗ್ಲೂಕೋಸ್‌ಗಿಂತ ಮೊದಲು ಹೋಗಬೇಕು. ಬಿ1 ಬರಿದಾದ ಮೈಗೆ ಬರೀ ಗ್ಲೂಕೋಸ್ ಏರಿಸಿದರೆ ವೆರ್ನಿಕೆ ಅನ್ನೋ ಮಿದುಳಿನ ತೊಂದರೆ ಕೆರಳಬಹುದು: ಗೊಂದಲ, ತೂರಾಡುವ ನಡಿಗೆ, ಕಣ್ಣುಗುಡ್ಡೆ ಸರಿಯಾಗಿ ಹೊರಳದಿರುವುದು.

ಹೆರಾಯಿನ್ ಬಿಟ್ಟವರ ಸಂಕಟ ನೋಡೋಕಾಗಲ್ಲ, ಆದರೆ ಆ ಸಂಕಟದಿಂದಲೇ ಸಾವು ಅಪರೂಪ. ಅಲ್ಲಿ ಅಪಾಯ ಬೇರೆ: ಕೆಲವು ವಾರ ಬಿಟ್ಟು ಮತ್ತೆ ಹಳೇ ಪ್ರಮಾಣವನ್ನೇ ತಗೊಂಡರೆ ಮೈ ತಡೆಯದೆ ಉಸಿರು ನಿಲ್ಲಬಹುದು. ನಿದ್ದೆ ಮಾತ್ರೆಯ ಚಟ ಮಾತ್ರ ಮದ್ಯದ ಸಾಲಿಗೇ ಸೇರುತ್ತದೆ, ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು.

ಕುಡಿತ ಹೀಗೆ ತಟ್ಟನೆ ನಿಲ್ಲುವುದು ಆಸ್ಪತ್ರೆಯಲ್ಲಿ ಮಾತ್ರ ಅಲ್ಲ. ದಿನಾ ಜಾಸ್ತಿ ಕುಡಿಯುವವರು ಮಾಲೆ ಹಾಕಿಕೊಂಡ ದಿನವೇ ನಿಲ್ಲಿಸುವುದುಂಟು. ಮನೆಯವರು ರೂಮಿಗೆ ಬೀಗ ಹಾಕಿ ಬಿಡಿಸುವುದೂ ಉಂಟು. ವ್ರತ ಬೇಡ ಅಂತಲ್ಲ, ಅದಕ್ಕೂ ಮೊದಲು ಡಾಕ್ಟರನ್ನು ಕಾಣಲಿ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಒಂದು ಕೇಂದ್ರವಿದೆ. ರಾಷ್ಟ್ರೀಯ ಸಹಾಯವಾಣಿ 14446.

ಇನ್ನು ಲೆಕ್ಕ. "ಕುಡೀತೀರಾ?" ಅಂದ್ರೆ ಎಲ್ಲರೂ "ಸ್ವಲ್ಪ" ಅಂತಾರೆ. ಅಂಗಡಿ ಭಾಷೆಯಲ್ಲೇ ಕೇಳಿ. 10 ಗ್ರಾಂ ಆಲ್ಕೋಹಾಲ್ ಒಂದು ಯೂನಿಟ್. 30 ಎಂ.ಎಲ್. ವಿಸ್ಕಿ ಒಂದು, ನೈಂಟಿ ಮೂರು, ಕ್ವಾರ್ಟರ್ ಆರು. 650 ಎಂ.ಎಲ್. ಸ್ಟ್ರಾಂಗ್ ಬಿಯರ್ ಸುಮಾರು ನಾಲ್ಕು. "ನಾನು ಬರೀ ಬಿಯರ್" ಅನ್ನುವವರು ಒಂದು ಬಾಟಲಿಗೇ ನೈಂಟಿ ದಾಟಿರುತ್ತಾರೆ, ಅಲ್ವಾ?

ಐದನೇ ದಿನ ಡ್ರೈವರ್‌ಗೆ ಪೂರ್ತಿ ಎಚ್ಚರವಾಯಿತು. "ಅಣ್ಣಾ, ದಿನಕ್ಕೆ ಎಷ್ಟು ನೈಂಟಿ?" ಅಂದೆ. "ನಾಲ್ಕು ಸಿಸ್ಟರ್. ಲೋಡ್ ಇಲ್ದಿದ್ರೆ ಇನ್ನೊಂದು." 'ಅಪರೂಪಕ್ಕೆ' ಅನ್ನೋದನ್ನು ಹೊಡೆದು, ಪಕ್ಕದಲ್ಲಿ ದಿನಕ್ಕೆ 12ರಿಂದ 15 ಯೂನಿಟ್ ಅಂತ ಬರೆದು ಸಹಿ ಹಾಕಿದೆ.