ಗ್ಲಾಸ್ಗೋ: ಗೋಡೆಯಲ್ಲಿ ಮರುಭೂಮಿ, ಪಾರ್ಕಿನಲ್ಲಿ ಹಳೇ ಕಾಡು

ಸ್ಕಾಟ್‌ಲೆಂಡಿನ ಗ್ಲಾಸ್ಗೋಗೆ ಹೋದರೆ ಮೊದಲು ಮನೆಗಳ ಗೋಡೆ ನೋಡಿ. ಹೈಂಡ್‌ಲ್ಯಾಂಡ್ ಬಡಾವಣೆಯ ಬೀದಿಗಳಲ್ಲಿ ಕೆಂಪು ಮರಳುಗಲ್ಲಿನ ವಠಾರಗಳು ಸಾಲಾಗಿ ನಿಂತಿವೆ. ಹತ್ತಿರ ಹೋಗಿ ಕಲ್ಲನ್ನು ಮುಟ್ಟಿ. ಕೆಲವು ಕಲ್ಲುಗಳಲ್ಲಿ ಓರೆಯಾಗಿ ಸಾಗುವ ತೆಳು ಗೆರೆಗಳಿರುತ್ತವೆ. 25 ಕೋಟಿ ವರ್ಷಕ್ಕೂ ಹಿಂದೆ ಮರುಭೂಮಿಯ ದಿಬ್ಬಗಳ ಮೇಲೆ ಗಾಳಿ ತಂದು ಸುರಿದ ಮರಳಿನ ಪದರಗಳು ಅವು. ಮರಳಿನ ಕಣಗಳಿಗೆ ಅಂಟಿದ ಕಬ್ಬಿಣದ ತುಕ್ಕಿನಿಂದ ಕೆಂಪು ಬಣ್ಣ ಬಂದಿದೆ. ಮಳೆಗೆ ಹೆಸರಾದ ಊರಿನ ಮನೆಗಳು ಮರುಭೂಮಿಯ ಮರಳಿನವು!

ಈ ಕಲ್ಲು ಅಲ್ಲಿಯದಲ್ಲ. 19ನೇ ಶತಮಾನದ ಕೊನೆಯ ಹೊತ್ತಿಗೆ ದಕ್ಷಿಣದ ಡಂಫ್ರೀಸ್ ಕಡೆಯಿಂದ ರೈಲಿನಲ್ಲಿ ಬರತೊಡಗಿತು. ಅದಕ್ಕೂ ಹಳೆಯ ಕಟ್ಟಡಗಳಲ್ಲಿ ಊರಿನ ಸುತ್ತಮುತ್ತಲೇ ಸಿಗುತ್ತಿದ್ದ ತಿಳಿ ಹಳದಿ ಕಲ್ಲು ಜಾಸ್ತಿ.

ವಿಕ್ಟೋರಿಯಾ ಪಾರ್ಕಿಗಂತೂ ಹೋಗಲೇಬೇಕು. 1887ರಲ್ಲಿ ಹಳೇ ಕಲ್ಲುಗಣಿಯಲ್ಲಿ ದಾರಿ ಮಾಡಲು ಅಗೆಯುವಾಗ 11 ಮರದ ಬುಡಗಳು ಸಿಕ್ಕವು. ಬೆಳೆದಲ್ಲೇ ಕಲ್ಲಾಗಿ ನಿಂತಿದ್ದವು, ಬೇರು ಚಾಚಿಕೊಂಡು. ವಯಸ್ಸು ಸುಮಾರು 32 ಕೋಟಿ ವರ್ಷ. ಆಗ ಈ ನೆಲ ಭೂಮಧ್ಯರೇಖೆಯ ಹತ್ತಿರವಿತ್ತು, ಬಿಸಿ ಜೌಗಿನಲ್ಲಿ ಲೆಪಿಡೋಡೆಂಡ್ರಾನ್ ಮರಗಳು ಬೆಳೆದಿದ್ದವು. ಪ್ರವಾಹದ ಮರಳು ಅವುಗಳ ಬುಡ ಮುಚ್ಚಿತು. ಒಳಗಿನ ತಿರುಳು ಕೊಳೆತು ಟೊಳ್ಳಾಯಿತು, ಆ ಟೊಳ್ಳಿಗೆ ಮರಳು ತುಂಬಿ ಗಟ್ಟಿಯಾಯಿತು. ಅಂದರೆ ನಾವು ನೋಡುವುದು ಮರದ ಅಚ್ಚನ್ನು. ಮೂವತ್ತು ಮೀಟರ್ ಎತ್ತರಕ್ಕೆ ಬೆಳೆಯಬಲ್ಲ ಮರಗಳು ಇವು. ಇವುಗಳ ದೂರದ ನೆಂಟರು ನಮ್ಮ ಪಶ್ಚಿಮಘಟ್ಟದಲ್ಲಿ ಇಂದಿಗೂ ಪುಟ್ಟ ಗಿಡಗಳಾಗಿ ಬದುಕಿವೆ. ಬುಡಗಳಿಗೆ ಈಗ ಸೂರು ಕಟ್ಟಿ ಕಾಪಾಡಿದ್ದಾರೆ. ಎಂಥ ಪುಣ್ಯದ ಕೆಲಸ, ಅಲ್ವಾ?

ಊರಲ್ಲಿ ನಡೆದಾಡಿದರೆ ಕಾಲು ನೋಯುವುದು ಖಂಡಿತ. ಗಾರ್ನೆಟ್‌ಹಿಲ್‌ನಂಥ ಏರುಗಳು ಡ್ರಮ್ಲಿನ್‌ಗಳು, ಹಿಮಯುಗದಲ್ಲಿ ಹಿಮನದಿ ಮಣ್ಣನ್ನು ಉದ್ದಕ್ಕೆ ನೇವರಿಸಿ ಮಾಡಿದ ಗುಡ್ಡಗಳು.

ಇನ್ನು ಕ್ಲೈಡ್ ನದಿ. ಒಂದು ಕಾಲಕ್ಕೆ ಸಮುದ್ರದ ಇಳಿತದ ಹೊತ್ತಿನಲ್ಲಿ ಇಲ್ಲಿ ಜನ ನಡೆದೇ ದಾಟುತ್ತಿದ್ದರು. ಹಡಗು ಬರುವ ಮಾತೇ ಇರಲಿಲ್ಲ. 1768ರಲ್ಲಿ ಜಾನ್ ಗೋಲ್ಬೋರ್ನ್ ಎಂಬ ಎಂಜಿನಿಯರ್ ಒಂದು ಉಪಾಯ ಹೇಳಿದರು: ಎರಡೂ ದಡಗಳಿಂದ ನೀರಿನೊಳಕ್ಕೆ ಚಾಚುವ ಕಲ್ಲಿನ ತಡೆಗಳನ್ನು ಕಟ್ಟಿ, ಹರಿವನ್ನು ಇಕ್ಕಟ್ಟು ಮಾಡಿ. ಅಷ್ಟೇ ನೀರು ಕಿರಿದಾದ ದಾರಿಯಲ್ಲಿ ಹೋಗಬೇಕೆಂದರೆ ವೇಗ ಹೆಚ್ಚಬೇಕು. ವೇಗ ಹೆಚ್ಚಿದರೆ ತಳದ ಹೂಳನ್ನು ನೀರೇ ಎತ್ತಿಕೊಂಡು ಹೋಗುತ್ತದೆ. ಹಾಗೇ ಆಯಿತು. ನದಿ ತನ್ನ ತಳವನ್ನು ತಾನೇ ತೋಡಿಕೊಂಡಿತು. ಮುಂದೆ ಹೂಳೆತ್ತುವ ಯಂತ್ರಗಳೂ ಬಂದವು. ನದಿ ಊರು ದಾಟಿದ ಮೇಲೆ ಸಿಗುವ ಕ್ಲೈಡ್‌ಬ್ಯಾಂಕ್‌ನಲ್ಲಿ 1934ರಲ್ಲಿ ಕ್ವೀನ್ ಮೇರಿಯಂಥ ದೈತ್ಯ ಹಡಗು ಇದೇ ನೀರಿಗಿಳಿಯಿತು. ಎಂಜಿನಿಯರಿಂಗ್‌ನಲ್ಲಿ ನನಗೆ ಇದಕ್ಕಿಂತ ಇಷ್ಟವಾದ ಕಥೆ ಇಲ್ಲ.

ಒಂದು ದಿನ ಉಳಿದರೆ ಲಾಕ್ ಲೋಮಂಡ್ ಸರೋವರಕ್ಕೆ ಹೋಗಿ, ಬಲ್ಮಾಹಾ ಹಳ್ಳಿಯಿಂದ ಕೋನಿಕ್ ಹಿಲ್ ಹತ್ತಿ. ಮೇಲಿಂದ ನೋಡಿದರೆ ಸರೋವರದ ನಡುಗಡ್ಡೆಗಳು ಒಂದೇ ಗೆರೆಯಲ್ಲಿ ಕಾಣುತ್ತವೆ. ಅದು ಹೈಲ್ಯಾಂಡ್ ಬೌಂಡರಿ ಎಂಬ ಭೂಬಿರುಕು. ಅದರ ಉತ್ತರಕ್ಕೆ ಗಟ್ಟಿ ಬಂಡೆ, ಅಲ್ಲಿ ಹಿಮನದಿ ಕಿರಿದಾಗಿ ಆಳಕ್ಕೆ ಕೊರೆಯಿತು. ದಕ್ಷಿಣದ ಮೆದು ಬಂಡೆಯಲ್ಲಿ ಅಗಲಕ್ಕೆ ಹರಡಿತು. ಅದಕ್ಕೇ ಈ ಸರೋವರ ಒಂದು ತುದಿಯಲ್ಲಿ ಕಿರಿದು, ಇನ್ನೊಂದು ತುದಿಯಲ್ಲಿ ವಿಶಾಲ.