ಕಾಫಿ ಮಳೆಗೆ ಕಾಯುತ್ತದೆ, ಕುಂಡೆಕುಸ್ಕ ಕಾಯುವುದಿಲ್ಲ

ಫೆಬ್ರುವರಿ ಕೊನೆಯ ಹೊತ್ತಿಗೆ ಮೂಡಿಗೆರೆ, ಸಕಲೇಶಪುರದ ಕಡೆ ಎಲ್ಲರ ಕಣ್ಣೂ ಆಕಾಶದ ಮೇಲೆ. ರೋಬಸ್ಟಾಗೆ ಹೂಮಳೆ ಬೇಕು. ಒಂದು ಇಂಚು ಬಿದ್ದರೆ ಎಂಟು-ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಅರೆಬರೆ ಹನಿದು ಹೋದರೆ ಮೊಗ್ಗು ಅರಳಲಾರದೆ ಕರಟುತ್ತದೆ. ಬೀಳದೇ ಹೋದರೆ ಕೆರೆಗೆ ಪಂಪು ಇಳಿಸಿ ಸ್ಪ್ರಿಂಕ್ಲರ್ ಹಾಕಬೇಕು.

ಅದೇ ತೋಟದ ಕೆಳಗಿನ ಹಳ್ಳದಲ್ಲಿ ಬಂಡೆಯಿಂದ ಬಂಡೆಗೆ ಹಾರುತ್ತ ಬಾಲ ಕುಣಿಸುವ ಹಕ್ಕಿಯೊಂದಿದೆ. ಬೂದು ಕುಂಡೆಕುಸ್ಕ. ಕೆಲವರು ಸಿಪಿಲೆ ಎನ್ನುತ್ತಾರೆ. ಬೆನ್ನು ಬೂದು, ಬಾಲದ ಬುಡ ಹಳದಿ. ಸೆಪ್ಟೆಂಬರ್ ಸುಮಾರಿಗೆ ಇಲ್ಲಿಗೆ ಬಂದಾಗ ಗಂಡಿನ ಗಂಟಲು ಬೆಳ್ಳಗಿತ್ತು. ಈಗ ದುರ್ಬೀನು ಹಿಡಿದು ನೋಡಿ: ಬಿಳಿಯ ನಡುವೆ ಅಲ್ಲೊಂದು ಇಲ್ಲೊಂದು ಕಪ್ಪು ಗರಿ, ಲೇಖನಿ ಕೊಡವಿದಾಗ ಮಸಿ ಸಿಡಿದ ಹಾಗೆ. ಕೆಲವೇ ವಾರಗಳಲ್ಲಿ ಇಡೀ ಗಂಟಲು ಕಪ್ಪಾಗುತ್ತದೆ. ಮದುವೆಯ ಉಡುಗೆಯನ್ನು ಇಲ್ಲೇ ತೊಟ್ಟು ಹೊರಡುತ್ತದೆ. ಸಂಸಾರ ಹೂಡುವುದು ಹಿಮಾಲಯದ ತೊರೆಗಳಲ್ಲಿ, ಇಲ್ಲವೇ ಅದರಾಚೆಯ ಮಧ್ಯ ಏಷ್ಯಾದಲ್ಲಿ.

"ಬಿಸಿಲು ಏರಿತು, ತಾಳಲಾರದೆ ಹಕ್ಕಿಗಳು ಹೊರಟವು" ಎಂಬ ಮಾತನ್ನು ಓದಿದವರೂ ಆಡುತ್ತಾರೆ. ಇದು ತಪ್ಪು. ಗಂಟಲು ಕಪ್ಪಾಗತೊಡಗುವ ಹೊತ್ತಿಗೆ ಮಲೆನಾಡಿನ ಬೆಳಗಿನ ಚಳಿ ಇನ್ನೂ ಬಿಟ್ಟಿರುವುದಿಲ್ಲ. ಇನ್ನೊಂದೆಡೆ, ಮರದ ತುದಿಯಲ್ಲಿ ಹುಳ ಹೆಕ್ಕುವ ಇನ್ನೊಂದು ವಲಸೆ ಹಕ್ಕಿ ಹಸಿರು ಉಲಿಯಕ್ಕಿ ಏಪ್ರಿಲ್ ಬಿಸಿಲಿನಲ್ಲೂ ಇಲ್ಲೇ ಇರುತ್ತದೆ. ಹಕ್ಕಿಯನ್ನು ಎಬ್ಬಿಸುವುದು ಶಾಖವಲ್ಲ.

ಇದನ್ನು ಮೊದಲು ತೋರಿಸಿಕೊಟ್ಟವರು ಕೆನಡಾದ ವಿಲಿಯಂ ರೋವನ್. 1920ರ ದಶಕದಲ್ಲಿ ಅವರು ಎಡ್ಮಂಟನ್ ಊರಿನಲ್ಲಿ ಜಂಕೊ ಎಂಬ ಪುಟ್ಟ ವಲಸೆ ಹಕ್ಕಿಗಳನ್ನು ಚಳಿಗಾಲದಲ್ಲಿ ಬಯಲಿನ ಪಂಜರಗಳಲ್ಲಿಟ್ಟರು. ಒಂದಷ್ಟಕ್ಕೆ ಸಂಜೆ ಬಲ್ಬು ಉರಿಸಿ, ದಿನದಿನವೂ ಕೆಲವೇ ನಿಮಿಷ ಬೆಳಕು ಹೆಚ್ಚಿಸುತ್ತ ಹೋದರು. ನೀರು ಹೆಪ್ಪುಗಟ್ಟುವ ಚಳಿಯಲ್ಲೂ ಆ ಹಕ್ಕಿಗಳ ದೇಹ ವಸಂತಕ್ಕೆ ತಿರುಗಿತು, ವೃಷಣಗಳು ಬೆಳೆದವು. ಬಲ್ಬಿಲ್ಲದ ಪಂಜರದ ಹಕ್ಕಿಗಳಲ್ಲಿ ಏನೂ ಆಗಲಿಲ್ಲ. ಚಳಿ ಎರಡಕ್ಕೂ ಒಂದೇ, ಬೇರೆಯಾಗಿದ್ದದ್ದು ಬೆಳಕು.

ಆ ಬೆಳಕನ್ನು ಹಕ್ಕಿ ನೋಡುವುದು ಎಲ್ಲಿಂದ? ಕಣ್ಣಿನಿಂದ ಅಲ್ಲ! ಕಣ್ಣಿಲ್ಲದ ಬಾತುಗಳಲ್ಲೂ ಉದ್ದ ಹಗಲಿಗೆ ವೃಷಣ ಬೆಳೆಯುವುದನ್ನು ಫ್ರಾನ್ಸಿನ ಜಾಕ್ ಬೆನ್ವಾ 1930ರ ದಶಕದಲ್ಲಿ ಕಂಡರು. ಮುಂದೆ ಅಮೆರಿಕದ ಮೈಕೆಲ್ ಮೆನೇಕರ್ ಗುಬ್ಬಿಗಳ ನೆತ್ತಿಯ ಚರ್ಮದಡಿ ಮಸಿ ಸೇರಿಸಿ ಬೆಳಕಿಗೆ ತಡೆ ಹಾಕಿದರು. ಉದ್ದ ಹಗಲಿಗೆ ಬರಬೇಕಿದ್ದ ಪ್ರತಿಕ್ರಿಯೆ ಕುಗ್ಗಿತು. ಕತ್ತಲೆ ಕೋಣೆಯಲ್ಲಿ ಟಾರ್ಚಿಗೆ ಅಂಗೈ ಒತ್ತಿದರೆ ಬೆರಳುಗಳು ಕೆಂಪಗೆ ಹೊಳೆಯುತ್ತವಲ್ಲ, ಹಾಗೆಯೇ ಹಕ್ಕಿಯ ತೆಳ್ಳನೆಯ ಬುರುಡೆಯನ್ನು ದಾಟಿದ ಬೆಳಕು ಮೆದುಳಿನ ಆಳದ ಹೈಪೋಥಲಾಮಸ್ ಮುಟ್ಟುತ್ತದೆ. ಅಲ್ಲಿ ಬೆಳಕು ಹಿಡಿಯುವ ಕೋಶಗಳಿವೆ. ಅವು ಎಚ್ಚೆತ್ತರೆ ಮೆದುಳಿನಡಿಯ ಪಿಟ್ಯುಟರಿ ಗ್ರಂಥಿಯ ಒಂದು ತುಣುಕು ಹಾರ್ಮೋನು ಸುರಿಸುತ್ತದೆ. ಅದು ಥೈರಾಯಿಡ್ ಹಾರ್ಮೋನಿನ ಮಂದ ರೂಪವನ್ನು ಮೆದುಳಿನೊಳಗೇ ಚುರುಕು ರೂಪಕ್ಕೆ ತಿರುಗಿಸುತ್ತದೆ, ಅಲ್ಲಿಂದ ದೇಹ ವಸಂತಕ್ಕೆ ಅಣಿಯಾಗುತ್ತದೆ. ಜಪಾನೀ ಲಾವಕ್ಕಿಯಲ್ಲಿ ಈ ಸರಪಳಿ ಉದ್ದ ಹಗಲಿನ ಮೊದಲ ದಿನವೇ ಎಳೆಯಲ್ಪಡುತ್ತದೆ ಎಂದು 2008ರಲ್ಲಿ ಗೊತ್ತಾಯಿತು.

ಇಲ್ಲಿ ಸೂಕ್ಷ್ಮವೊಂದಿದೆ. ಒಟ್ಟು ಎಷ್ಟು ಬೆಳಕು ಬಿತ್ತು ಎಂಬುದಲ್ಲ, ಯಾವ ಹೊತ್ತಿನಲ್ಲಿ ಬಿತ್ತು ಎಂಬುದು ಮುಖ್ಯ. ಹಾಲಿನ ಡೇರಿಯ ಹಾಗೆ. ಕ್ಯಾನು ತುಂಬ ಹಾಲಿದ್ದರೂ ಬಾಗಿಲು ಮುಚ್ಚಿದಾಗ ಹೋದರೆ ಒಂದು ಲೀಟರೂ ಲೆಕ್ಕಕ್ಕಿಲ್ಲ, ತೆರೆದಾಗ ಹೋದರೆ ಅರ್ಧ ಲೀಟರೂ ಪಾಸ್‌ಬುಕ್ಕಿಗೆ ಏರುತ್ತದೆ. ಹಕ್ಕಿಯ ಬಾಗಿಲು ಬೆಳಗಾಗಿ ಸುಮಾರು ಹನ್ನೆರಡು ಗಂಟೆ ಕಳೆದ ಮೇಲೆ ತೆರೆಯುತ್ತದೆ. ಹಗಲು ಗಿಡ್ಡವಿದ್ದಾಗ ಆ ಹೊತ್ತಿಗೆ ಕತ್ತಲಾಗಿರುತ್ತದೆ. ಹಗಲು ಹಿಗ್ಗಿದಾಗ ಸಂಜೆಯ ಬೆಳಕು ಬಾಗಿಲೊಳಗೆ ಬೀಳುತ್ತದೆ. ಪ್ರಯೋಗಶಾಲೆಯಲ್ಲಿ ಗಿಡ್ಡ ಹಗಲಿಟ್ಟು, ಸರಿಯಾದ ಹೊತ್ತಿಗೆ ರಾತ್ರಿ ಕೊಂಚ ಬೆಳಕು ತೋರಿಸಿದರೂ ದೇಹ "ಹಗಲು ಉದ್ದವಾಯಿತು" ಎಂದೇ ಎಣಿಸುತ್ತದೆ.

ಆದರೆ ಎಡ್ಮಂಟನ್ನಿನಲ್ಲಿ ಡಿಸೆಂಬರಿನ ಹಗಲು ಏಳೂವರೆ ಗಂಟೆ, ಜೂನಿನದು 17 ಗಂಟೆ. ಚಿಕ್ಕಮಗಳೂರು, ಹಾಸನ ಇರುವ 13 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು 11 ಗಂಟೆ 20 ನಿಮಿಷದಿಂದ 12 ಗಂಟೆ 50 ನಿಮಿಷ, ಅಷ್ಟೇ. ಒಂದೂವರೆ ಗಂಟೆಯ ಈ ಏರಿಳಿತವನ್ನೇ ನಂಬಿ ಕೂರುವುದು ಕಷ್ಟ. ಅದಕ್ಕೇ ಹಕ್ಕಿಯೊಳಗೆ ಇನ್ನೊಂದು ಪಂಚಾಂಗ ಇದೆ. ಜರ್ಮನಿಯ ಎಬರ್ಹಾರ್ಡ್ ಗ್ವಿನ್ನರ್ ಉಲಿಯಕ್ಕಿಗಳನ್ನು ವರ್ಷಗಟ್ಟಲೆ 12 ಗಂಟೆ ಬೆಳಕು, 12 ಗಂಟೆ ಕತ್ತಲೆಯ ಕೋಣೆಗಳಲ್ಲಿಟ್ಟರು. ಹೊರಗಿನ ಋತುವಿನ ಸುಳಿವೇ ಇಲ್ಲದಿದ್ದರೂ ಅವು ಗರಿ ಉದುರಿಸಿದವು, ಕೊಬ್ಬು ಕಟ್ಟಿದವು, ಕಾಲ ಬಂದಾಗ ರಾತ್ರಿಯಿಡೀ ಚಡಪಡಿಸಿದವು. ಆದರೆ ಈ ಒಳಗಿನ ವರ್ಷ ಹನ್ನೆರಡು ತಿಂಗಳಿಗೆ ಸರಿಯಾಗಿ ಮುಗಿಯುವುದಿಲ್ಲ. ಸಾಮಾನ್ಯವಾಗಿ ಹತ್ತು ತಿಂಗಳ ಆಸುಪಾಸು. ನಮ್ಮ ಚಾಂದ್ರಮಾನದ ವರ್ಷವೂ 354 ದಿನ. ಸುಮಾರು 32 ತಿಂಗಳಿಗೊಮ್ಮೆ ಅಧಿಕ ಮಾಸ ಸೇರಿಸದಿದ್ದರೆ ಯುಗಾದಿ ಜಾರುತ್ತ ಜಾರುತ್ತ ಚಳಿಗಾಲಕ್ಕೆ ಬಂದುಬಿಡುತ್ತದೆ. ಹಕ್ಕಿಗೆ ಅಧಿಕ ಮಾಸ ಸೇರಿಸಿ ಲೆಕ್ಕ ಸರಿಮಾಡುವುದು ಹಗಲಿನ ಉದ್ದ.

ಪಂಚಾಂಗ ತಿಂಗಳನ್ನು ಹೇಳುತ್ತದೆ, ದಿನ ಆರಿಸಲು ಹವೆ ಬೇಕು. ಅದಕ್ಕೂ ಮೊದಲು ಬುತ್ತಿ. ಹಸಿರು ಉಲಿಯಕ್ಕಿ ಹತ್ತು ರೂಪಾಯಿ ನಾಣ್ಯದಷ್ಟು, ಅಂದರೆ ಎಂಟು ಗ್ರಾಮಿನ ಆಸುಪಾಸು ತೂಗುತ್ತದೆ. ಹೊರಡುವ ಮುನ್ನ ಇಂಥ ಹಕ್ಕಿಗಳು ಕೊಬ್ಬು ಕಟ್ಟಿಕೊಳ್ಳುತ್ತವೆ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೊಕ್ಯಾಲರಿ, ಪಿಷ್ಟದಲ್ಲಿ 4. ದೇಹ ಪಿಷ್ಟವನ್ನು ಕೂಡಿಡುವಾಗ ಅದರ ಮೂರು ಪಟ್ಟು ನೀರನ್ನೂ ಹೊರಬೇಕು, ಕೊಬ್ಬಿಗೆ ಆ ಭಾರವಿಲ್ಲ. ಮೇಲಾಗಿ ಒಂದು ಗ್ರಾಂ ಕೊಬ್ಬು ಉರಿದರೆ ಸುಮಾರು ಒಂದು ಗ್ರಾಂ ನೀರು ಹುಟ್ಟುತ್ತದೆ. ಹಕ್ಕಿಯ ಕಾಲಿಗೆ ಗುರುತಿನ ಉಂಗುರ ತೊಡಿಸುವ ಪರಿಣತರು ಅದರ ಎದೆಗರಿಗಳನ್ನು ಮೆಲ್ಲಗೆ ಊದಿ ಬಿಡಿಸಿ, ಕತ್ತಿನ ಬುಡದ ಗುಳಿಯಲ್ಲಿ ಹಳದಿ ಕೊಬ್ಬು ಎಷ್ಟು ತುಂಬಿದೆ ಎಂದು ನೋಡಿ ಅಂಕ ಹಾಕುತ್ತಾರೆ. ಗುಳಿ ಖಾಲಿ ಇದ್ದರೆ ಹೊರಡಲು ಇನ್ನೂ ದಿನವಿದೆ. ಉಬ್ಬಿದ್ದರೆ, ಬಾನು ತಿಳಿಯಾಗಿ ಗಾಳಿ ಬೆನ್ನಿಗಿರುವ ರಾತ್ರಿ ಎದ್ದೇಳುತ್ತದೆ.

ಸಂಕಟ ಶುರುವಾಗುವುದು ಆ ತುದಿಯಲ್ಲಿ. ಮೂಡಿಗೆರೆಯ ಹಳ್ಳದಲ್ಲಿರುವ ಹಕ್ಕಿಗೆ ಹಿಮಾಲಯದಲ್ಲಿ ಈ ಸಲ ಹಿಮ ಕರಗಿತೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ. ಮಾರ್ಚ್, ಏಪ್ರಿಲ್‌ನಲ್ಲೂ ಪಶ್ಚಿಮದಿಂದ ಬರುವ ಗಾಳಿ-ಮಳೆಯ ಸುಳಿಗಳು ಅಲ್ಲಿ ಹಿಮ ಸುರಿಸುತ್ತವೆ. ಹೆಚ್ಚಿನ ವಲಸೆ ಹಕ್ಕಿಗಳಲ್ಲಿ ಒಳ್ಳೆಯ ಜಾಗ ಹಿಡಿಯಲು ಗಂಡುಗಳು ಮುಂಚೆ ಬರುತ್ತವೆ, ಚಳಿಯ ಹೊಡೆತಕ್ಕೂ ಅವೇ ಮೊದಲು. ಹೊಡೆತವೆಂದರೆ ಮೈ ನಡುಗುವ ಚಳಿ ಮಾತ್ರವಲ್ಲ, ಹಸಿವು ಕೂಡ: ತಂಪು ಹೆಚ್ಚಿದರೆ ಹುಳಗಳು ಏಳುವುದಿಲ್ಲ. 1996ರ ಮೇ ತಿಂಗಳಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಆರು ದಿನ ಬಿಡದ ಚಳಿಗೆ ಹಾರುವ ಹುಳಗಳನ್ನೇ ನಂಬಿದ ಅಂಬರಗುಬ್ಬಿಗಳು ಸಾವಿರಾರು ಸತ್ತವು. ಉಳಿದವನ್ನು ಅಳೆದಾಗ ಸರಾಸರಿಯಲ್ಲಿ ಅವು ದೊಡ್ಡ ಮೈಯವು. ದೊಡ್ಡ ಮೈಗೆ ಶಾಖದ ನಷ್ಟ ಕಡಿಮೆ, ಕೊಬ್ಬಿಗೆ ಜಾಗ ಹೆಚ್ಚು.

ತಡವಾದರೂ ಕಷ್ಟ. ಪಶ್ಚಿಮ ಆಫ್ರಿಕದಿಂದ ನೆದರ್ಲೆಂಡ್ಸಿಗೆ ಮರಳುವ ಪೈಡ್ ಫ್ಲೈಕ್ಯಾಚರ್ ತನ್ನ ಪಂಚಾಂಗದ ಪ್ರಕಾರವೇ ಬರುತ್ತಿತ್ತು. ಭೂಮಿ ಬಿಸಿಯಾಗಿ ಅಲ್ಲಿ ಮರಿಗಳಿಗೆ ಉಣಿಸುವ ಕಂಬಳಿಹುಳಗಳ ಸುಗ್ಗಿ ಮಾತ್ರ ಬೇಗ ಬಂದು ಬೇಗ ಮುಗಿಯತೊಡಗಿತು. ಸುಗ್ಗಿ ತೀರ ಬೇಗ ಬರುವ ಕಾಡುಗಳಲ್ಲಿ ಎರಡು ದಶಕಗಳಲ್ಲಿ ಈ ಹಕ್ಕಿ ಸುಮಾರು ಶೇಕಡಾ 90ರಷ್ಟು ಕುಸಿಯಿತು ಎಂದು 2006ರಲ್ಲಿ ಪ್ರಕಟವಾಯಿತು.

ವಲಸೆಯನ್ನು ಅರಿತ ಈ ಚರಿತ್ರೆಯಲ್ಲಿ ನಮ್ಮ ಸೀಮೆಗೂ ಪಾಲಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಈಗ ಕೊಪ್ಪ, ಶೃಂಗೇರಿಯವರಿಗೂ ಗೊತ್ತಿರುವ ಮಂಗನ ಕಾಯಿಲೆ ಪತ್ತೆಯಾಯಿತು. ಆ ವೈರಸ್ ರಷ್ಯಾದ ಮಿದುಳುಜ್ವರದ ವೈರಸ್ಸಿಗೆ ನೆಂಟ. ಹಾಗಾದರೆ ಸೈಬೀರಿಯದ ಹಕ್ಕಿಗಳು ಮೈಗಂಟಿದ, ರಕ್ತ ಹೀರುವ ಉಣ್ಣೆಹುಳದ ಜೊತೆ ಅದನ್ನು ತಂದವೇ ಎಂಬ ಅನುಮಾನ ಎದ್ದಿತು. 1959ರಿಂದ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ಸಲೀಂ ಅಲಿಯವರು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೂಲಕ ದೊಡ್ಡ ಪ್ರಮಾಣದಲ್ಲಿ ಉಂಗುರ ತೊಡಿಸುವ ಕೆಲಸ ನಡೆಸಿದರು. ಹಕ್ಕಿಗಳೇ ತಂದವು ಎನ್ನಲು ಪುರಾವೆ ಸಿಗಲಿಲ್ಲ, ಆದರೆ ಅವುಗಳ ದಾರಿ ತಿಳಿಯತೊಡಗಿತು.

ಬಂದ ದಿನ ಬರೆದಿಡುವುದು ಸುಲಭ, ಹೋದ ದಿನ ಕಷ್ಟ. ಕೊನೆಯ ಸಲ ನೋಡುವಾಗ ಅದು ಕೊನೆಯದೆಂದು ಗೊತ್ತಿರುವುದಿಲ್ಲ. ಒಂದೇ ಹಳ್ಳ, ಒಂದೇ ಬಂಡೆ, ಒಂದೇ ಹೊತ್ತು ಆರಿಸಿಕೊಳ್ಳಿ. ಬೆಳಿಗ್ಗೆ ಏಳರಿಂದ ಏಳೂಕಾಲು ಸಾಕು. ಮಾರ್ಚ್ ಮೊದಲ ವಾರದಿಂದ ದಿನಾಂಕ, ಎಷ್ಟು ಕಂಡವು, ಗಂಟಲು ಬಿಳಿಯೋ ಚುಕ್ಕೆಯೋ ಪೂರ್ತಿ ಕಪ್ಪೋ ಎಂದು ಬರೆಯಿರಿ. ಹೆಣ್ಣಿನ ಗಂಟಲು ಗಂಡಿನಷ್ಟು ಕಪ್ಪಾಗುವುದಿಲ್ಲ, ಅದನ್ನು ಕಂಡು ಗಲಿಬಿಲಿ ಬೇಡ. ಕಾಣದ ದಿನ ಖಾಲಿ ಬಿಡದೆ ಸೊನ್ನೆ ಹಾಕಿ. ಖಾಲಿ ಬಿಟ್ಟರೆ ಹಕ್ಕಿ ಇರಲಿಲ್ಲವೋ ನೀವು ಹೋಗಲಿಲ್ಲವೋ ತಿಳಿಯುವುದಿಲ್ಲ. ಸೊನ್ನೆ ಬಂತೆಂದು ನಿಲ್ಲಿಸಲೂಬೇಡಿ, ಇನ್ನೂ ದಕ್ಷಿಣದಿಂದ ಹೊರಟ ಹಕ್ಕಿಗಳು ಅದೇ ಬಂಡೆಯ ಮೇಲೆ ಒಂದೆರಡು ದಿನ ತಂಗಿ ಹೋಗಬಹುದು. ಸತತ ಹತ್ತು ದಿನ ಸೊನ್ನೆಯಾದ ಮೇಲೆ, ಅದರ ಹಿಂದಿನ ದಿನಾಂಕಕ್ಕೆ ಗೆರೆ ಎಳೆಯಿರಿ.